ಲೋಕಲ್ ಹೌಸಿಂಗ್ ಅಲೋವೆನ್ಸ್ ಎಂದರೇನು?

ಬ್ರಿಟನ್ನಿನಲ್ಲಿ ಮನೆ ಬಾಡಿಗೆ ಕಟ್ಟಲು ಪರದಾಡುತ್ತಿರುವವರ ಕಿವಿಗೆ ಬೇಗನೆ ಬೀಳುವ ಹೆಸರು ಲೋಕಲ್ ಹೌಸಿಂಗ್ ಅಲೋವೆನ್ಸ್, ಚಿಕ್ಕದಾಗಿ ಎಲ್‌ಎಚ್‌ಎ. ನಮ್ಮಲ್ಲಿ ಸಂಬಳದ ಚೀಟಿಯ ಎಚ್‌ಆರ್‌ಎ ಕೈಗೆ ಬರುವ ಭತ್ಯೆ. ಅದೇ ಅಭ್ಯಾಸದಲ್ಲಿ ಇದನ್ನೂ ಕೈಗೆ ಬರುವ ದುಡ್ಡು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎಲ್‌ಎಚ್‌ಎ ಒಂದು ಮಿತಿ: ಖಾಸಗಿ ಮಾಲೀಕರ ಮನೆಯಲ್ಲಿರುವವರ ಬಾಡಿಗೆಗೆ ಸರ್ಕಾರ ಹೆಚ್ಚೆಂದರೆ ಎಷ್ಟು ಕೊಡಬಹುದು ಎಂಬ ಗೆರೆ. ದುಡ್ಡು ಬರುವುದು ಕಡಿಮೆ ಆದಾಯದವರಿಗೆ ಸರ್ಕಾರ ತಿಂಗಳಿಗೆ ಕೊಡುವ ನೆರವಾದ ಯೂನಿವರ್ಸಲ್ ಕ್ರೆಡಿಟ್‌ನ ಹೌಸಿಂಗ್ ಭಾಗದಿಂದ. ಪಿಂಚಣಿ ವಯಸ್ಸು ಮುಟ್ಟಿದವರಿಗೆ ಹೌಸಿಂಗ್ ಬೆನಿಫಿಟ್‌ನಿಂದ. ಕೌನ್ಸಿಲ್ (ಸ್ಥಳೀಯ ಆಡಳಿತ) ಮನೆಗಳ ಲೆಕ್ಕವೇ ಬೇರೆ, ಅಲ್ಲಿ ಈ ದರ ಬರುವುದಿಲ್ಲ.

ಈ ಪದ್ಧತಿ ದೇಶದುದ್ದಕ್ಕೂ ಜಾರಿಗೆ ಬಂದದ್ದು 2008ರ ಏಪ್ರಿಲ್‌ನಲ್ಲಿ. ದರ ಕಟ್ಟುವ ಕ್ರಮ ಹೀಗಿದೆ. ಒಂದು ಪ್ರದೇಶದ ಖಾಸಗಿ ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆಯುತ್ತಾರೆ. ನೂರು ಮನೆ ಇದ್ದರೆ ಕೆಳಗಿನಿಂದ ಮೂವತ್ತನೆಯ ಮನೆಯ ಬಾಡಿಗೆಯೇ ದರ. ಮೊದಲು ಐವತ್ತನೆಯ ಮನೆಯದಿತ್ತು. 2011ರಲ್ಲಿ ಮೂವತ್ತಕ್ಕೆ ಇಳಿಸಿದರು. ಅಂದರೆ ನೂರರಲ್ಲಿ ಮೂವತ್ತು ಮನೆಗಳಾದರೂ ಮಿತಿಯೊಳಗೆ ಸಿಗಬೇಕು. ಸಿಗುವುದಿಲ್ಲ, ಏಕೆಂದರೆ ದರವನ್ನು ವರ್ಷಾವರ್ಷ ಪರಿಷ್ಕರಿಸುವುದಿಲ್ಲ. 2016ರಿಂದ ನಾಲ್ಕು ವರ್ಷ ದರ ಬಹುತೇಕ ಅಲ್ಲೇ ನಿಂತಿತ್ತು, 2020ರಲ್ಲಿ ಏರಿತು, ಮತ್ತೆ 2024ರ ಏಪ್ರಿಲ್‌ವರೆಗೆ ಅಲುಗಲಿಲ್ಲ. ಆಗ ಏರಿಸಿದಾಗಲೂ ಆಧಾರವಾದದ್ದು 2023ರ ಸೆಪ್ಟೆಂಬರ್‌ವರೆಗಿನ ಬಾಡಿಗೆಗಳು. 2025ರಲ್ಲಿ ಮತ್ತೆ ಹಾಗೇ ಬಿಟ್ಟರು. ಹಳೆಯ ದರ ಹಿಡಿದು ಇಂದಿನ ಮನೆ ಹುಡುಕುವ ಕಷ್ಟ ಬಾಡಿಗೆದಾರರದು; ಇದು ಅವರ ತಪ್ಪಲ್ಲ.

ಪ್ರದೇಶವೆಂದರೆ ಕೌನ್ಸಿಲ್ ಗಡಿಯಲ್ಲ, ಬಾಡಿಗೆ ಲೆಕ್ಕಕ್ಕೆಂದೇ ಗುರುತಿಸಿದ ಬ್ರಾಡ್ ರೆಂಟಲ್ ಮಾರ್ಕೆಟ್ ಏರಿಯಾ. ಇಂಗ್ಲೆಂಡಿನಲ್ಲೇ ಇಂಥವು 152 ಇವೆ. ಹಾಗಾಗಿ ಒಂದೇ ಕೌನ್ಸಿಲ್‌ನ ಎರಡು ಬೀದಿಗಳಿಗೆ ಎರಡು ದರ ಇರಬಹುದು. ಕರಾರಿಗೆ ಸಹಿ ಹಾಕುವ ಮುಂಚೆ ಆ ಮನೆಯ ಪೋಸ್ಟ್‌ಕೋಡ್ ಅನ್ನು ಸರ್ಕಾರದ ಎಲ್‌ಎಚ್‌ಎ ಡೈರೆಕ್ಟ್ ಪುಟದಲ್ಲಿ ಹಾಕಿ ನೋಡಿ.

ಅಲ್ಲಿ ಐದು ದರಗಳು ಕಾಣುತ್ತವೆ: ಹಂಚಿಕೊಂಡ ಮನೆಯ ಒಂದು ರೂಮು, ಆಮೇಲೆ ಒಂದರಿಂದ ನಾಲ್ಕು ಬೆಡ್‌ರೂಮಿನವರೆಗೆ. ನಿಮಗೆ ಸಲ್ಲುವುದು ಯಾವುದು ಎಂಬುದನ್ನು ಹೇಳುವುದು ಮನೆಯಲ್ಲ, ಮನೆಯಲ್ಲಿರುವ ಜನ. ದಂಪತಿಗೆ ಒಂದು ರೂಮು. 16 ತುಂಬಿದ ಪ್ರತಿಯೊಬ್ಬರಿಗೂ ಒಂದು. 16ರೊಳಗಿನ ಇಬ್ಬರು ಹುಡುಗರಿಗೆ ಅಥವಾ ಇಬ್ಬರು ಹುಡುಗಿಯರಿಗೆ ಸೇರಿ ಒಂದು. 10ರೊಳಗಿನ ಇಬ್ಬರು ಮಕ್ಕಳು ಅಣ್ಣ-ತಂಗಿಯಾದರೂ ಒಂದೇ. ಅಪ್ಪ, ಅಮ್ಮ, 9 ವರ್ಷದ ಮಗಳು, 7 ವರ್ಷದ ಮಗ ಇದ್ದರೆ ಎರಡು ಬೆಡ್‌ರೂಮಿನ ದರ. ಮಗಳಿಗೆ 10 ತುಂಬಿದರೆ ಮೂರರದ್ದು. ವಿಸಿಟರ್ ವೀಸಾದಲ್ಲಿ ಬಂದು ಬಾಣಂತನ ನೋಡಿಕೊಳ್ಳುವ ಅಜ್ಜಿ ಈ ಎಣಿಕೆಯಲ್ಲಿ ಇಲ್ಲ.

ಅತಿ ಹೆಚ್ಚು ಪೆಟ್ಟು ತಿನ್ನುವವರು 35 ತುಂಬದ ಒಂಟಿ ಜನ. ಮಕ್ಕಳಿಲ್ಲದಿದ್ದರೆ, ಅವರು ಇಡೀ ಫ್ಲಾಟ್ ಹಿಡಿದಿದ್ದರೂ ಸಿಗುವುದು ಹಂಚಿಕೊಂಡ ರೂಮಿನ ದರವೇ. 2012ರವರೆಗೆ ಈ ನಿಯಮ 25ರೊಳಗಿನವರಿಗೆ ಮಾತ್ರ ಇತ್ತು. ವಿನಾಯಿತಿಗಳುಂಟು: ಪಿಪ್ ಅಂಗವೈಕಲ್ಯ ನೆರವಿನ ಡೈಲಿ ಲಿವಿಂಗ್ ಭಾಗ ಪಡೆಯುವವರು, ಕೌನ್ಸಿಲ್ ಪಾಲನೆಯಲ್ಲಿ ಬೆಳೆದು ಹೊರಬಂದ 25ರೊಳಗಿನವರು, ಮನೆಯವರ ಹಿಂಸೆಗೆ ಒಳಗಾದವರು. ಕೇಳದಿದ್ದರೆ ಇವು ತಾವಾಗಿ ಸಿಗುವುದು ಅಪರೂಪ. ದಾಖಲೆ ಸಮೇತ ಕೇಳಿ.

ಈಗ ಲೆಕ್ಕ. ದರ ಸಾಮಾನ್ಯವಾಗಿ ವಾರದ ಲೆಕ್ಕದಲ್ಲಿ ಕಾಣುತ್ತದೆ, ಯೂನಿವರ್ಸಲ್ ಕ್ರೆಡಿಟ್ ತಿಂಗಳಿಗೆ ಬರುತ್ತದೆ. 4ರಿಂದ ಗುಣಿಸಬೇಡಿ, 52ರಿಂದ ಗುಣಿಸಿ 12ರಿಂದ ಭಾಗಿಸಿ. ದರ ವಾರಕ್ಕೆ 200 ಪೌಂಡ್ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 867. ಬಾಡಿಗೆ 1,000 ಆದರೆ ಸುಮಾರು 133 ನಿಮ್ಮ ಕೈಯಿಂದ. ಬಾಡಿಗೆ 800 ಆದರೆ ಸಿಗುವುದು 800 ಮಾತ್ರ, ಮಿಕ್ಕದ್ದು ನಿಮ್ಮದಾಗುವುದಿಲ್ಲ. ಇದೂ ಪೂರ್ತಿ ಸಿಗುತ್ತದೆಂದಲ್ಲ: ಉಳಿತಾಯ 16,000 ಪೌಂಡ್ ಮೀರಿದರೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ, 6,000 ಮೀರಿದರೆ ಕಡಿತ, ದುಡಿಮೆಯಿದ್ದರೆ, ವಿನಾಯಿತಿ ಇರುವವರಿಗೆ ಅದನ್ನು ಕಳೆದು, ಉಳಿದ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತ. ದುಡಿಮೆ ತೀರಾ ಕಡಿಮೆಯಿರುವ ಕುಟುಂಬಗಳಿಗೆ ಬೆನಿಫಿಟ್ ಕ್ಯಾಪ್ ಎಂಬ, ಒಟ್ಟು ನೆರವಿಗೇ ಹಾಕಿದ ಇನ್ನೊಂದು ಗೆರೆಯೂ ಅಡ್ಡ ಬರಬಹುದು.

ಅರ್ಜಿ ಹಾಕಿದ ಮೇಲೆ ಮೊದಲ ದುಡ್ಡಿಗೆ ಸುಮಾರು 5 ವಾರ ಕಾಯಬೇಕು. ಬಾಕಿ ಬೀಳುವುದು ಇಲ್ಲೇ. ಮುಂಗಡ ಕೇಳಬಹುದು, ಆದರೆ ಅದು ಸಾಲ; ಮುಂದಿನ ತಿಂಗಳುಗಳ ಹಣದಿಂದ ಮುರಿದುಕೊಳ್ಳುತ್ತಾರೆ. ಅರ್ಜಿ ಹಾಕಿದ ದಿನವೇ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿದರೆ ಒಳ್ಳೆಯದು. ಬಾಡಿಗೆ ಏರಿದರೆ, ತಿಂಗಳ ನೆರವಿನ ಲೆಕ್ಕ ಹಾಕುವ ನಿಮ್ಮ ಅಸೆಸ್‌ಮೆಂಟ್ ಅವಧಿ ಮುಗಿಯುವ ಮುಂಚೆ ಆನ್‌ಲೈನ್ ಖಾತೆಯಲ್ಲಿ ತಿಳಿಸಿ. ಅವಧಿ 12ರಿಂದ 11ರವರೆಗೆ ಇದ್ದು ಬಾಡಿಗೆ 5ರಂದು ಏರಿದ್ದರೆ, 11ರೊಳಗೆ ಹೇಳಿದವರಿಗೆ ಆ ಇಡೀ ತಿಂಗಳಿಗೆ ಹೊಸ ಬಾಡಿಗೆ ಲೆಕ್ಕ; 13ಕ್ಕೆ ಹೇಳಿದವರಿಗೆ ಸಾಮಾನ್ಯವಾಗಿ ಆ ತಿಂಗಳು ಕೈತಪ್ಪುತ್ತದೆ. ಎರಡು ತಿಂಗಳ ಬಾಕಿ ಬಿದ್ದರೆ, ಹಣವನ್ನು ನೇರ ತಮಗೇ ಕಳಿಸಿ ಎಂದು ಮಾಲೀಕರು ಕೇಳಬಹುದು.

ಮಿತಿಗೂ ಬಾಡಿಗೆಗೂ ನಡುವಿನ ಕಂದಕ ತುಂಬಲು ಕೌನ್ಸಿಲ್‌ಗೆ ಬೇರೆ ಅರ್ಜಿ ಹಾಕಬೇಕು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಅದರ ಹೆಸರು ಡಿಸ್ಕ್ರೆಶನರಿ ಹೌಸಿಂಗ್ ಪೇಮೆಂಟ್; ಇಂಗ್ಲೆಂಡಿನಲ್ಲಿ 2026ರ ಏಪ್ರಿಲ್‌ನಿಂದ ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್. ಇದು ಹಕ್ಕಲ್ಲ, ಕೌನ್ಸಿಲ್‌ನ ವಿವೇಚನೆ. ಆದ್ದರಿಂದ ತಿಂಗಳ ಖರ್ಚಿನ ಪಟ್ಟಿ, ಬಾಕಿಯ ವಿವರ, ಮನೆ ಬದಲಿಸಲಾಗದ ಕಾರಣ (ಮಗುವಿನ ಶಾಲೆ, ಆಸ್ಪತ್ರೆ, ಕೆಲಸದ ದೂರ) ಬರೆದು ಕೊಡಿ. ಇಂಗ್ಲೆಂಡಿನಲ್ಲಿ 56 ದಿನಗಳೊಳಗೆ ಮನೆ ಕಳೆದುಕೊಳ್ಳುವ ಸಂಭವವಿದ್ದರೆ, ಅರ್ಹರಾದವರಿಗೆ ಅದನ್ನು ತಪ್ಪಿಸಲು ಕೌನ್ಸಿಲ್ ನೆರವಾಗಲೇಬೇಕು. ಬೀದಿಗೆ ಬೀಳುವವರೆಗೆ ಕಾಯಬೇಕಿಲ್ಲ.

ಕರ್ನಾಟಕದಿಂದ ಹೋದವರು ಇಷ್ಟೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವೀಸಾ. ಕೆಲಸದ, ಓದಿನ, ಸಂಗಾತಿಯ ವೀಸಾಗಳಲ್ಲಿ ಸಾಮಾನ್ಯವಾಗಿ 'ನೋ ಪಬ್ಲಿಕ್ ಫಂಡ್ಸ್' ಷರತ್ತು ಇರುತ್ತದೆ, ಅಂದರೆ ಪಬ್ಲಿಕ್ ಫಂಡ್ಸ್ ಪಟ್ಟಿಯ ಸರ್ಕಾರಿ ನೆರವುಗಳನ್ನು ಪಡೆಯುವಂತಿಲ್ಲ. ಯೂನಿವರ್ಸಲ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿ ಯೋಜನೆ ಮೂರೂ ಆ ಪಟ್ಟಿಯಲ್ಲಿವೆ. ಪಡೆದರೆ ಮುಂದಿನ ವೀಸಾಕ್ಕೇ ಕುತ್ತು. ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಬ್ರಿಟಿಷ್ ಪೌರತ್ವ ಇಲ್ಲವೇ ಕಾಯಂ ವಾಸದ ಅನುಮತಿ ಇದ್ದರೆ ಅವರು ಅರ್ಜಿ ಹಾಕಬಹುದು. ಹಣ ಒಂಟಿಯವರ ಲೆಕ್ಕದಲ್ಲಿ, ಆದರೆ ಇಬ್ಬರ ಆದಾಯವನ್ನೂ ಉಳಿತಾಯವನ್ನೂ ನೋಡುತ್ತಾರೆ. ಹೀಗಿದ್ದಾಗ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್‌ನವರನ್ನು ಕೇಳಿಯೇ ಮುಂದುವರಿಯಿರಿ. ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಕಟ್ಟಿದವರಿಗೆ ಸಿಗುವ ನಿರುದ್ಯೋಗ ಭತ್ಯೆಯಾದ ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲೋವೆನ್ಸ್ ಮಾತ್ರ ಪಬ್ಲಿಕ್ ಫಂಡ್ಸ್ ಅಲ್ಲ. ಕೆಲಸ ಮಾಡುವ ಅನುಮತಿ ಇನ್ನೂ ಉಳಿದಿದ್ದರೆ, ಕೆಲಸ ಹೋದಾಗ ಅದಕ್ಕೆ ಅರ್ಹರೇ ಎಂದು ವಿಚಾರಿಸಬಹುದು.