ವೋಲ್ಟೇಜ್ ಕುಸಿದ ಕ್ಷಣದಲ್ಲಿ ಸೌರ ಸ್ಥಾವರ

2016ರ ಆಗಸ್ಟ್ 16ರಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹಬ್ಬಿದ 'ಬ್ಲೂ ಕಟ್' ಕಾಳ್ಗಿಚ್ಚಿನಿಂದಾಗಿ ಅಲ್ಲಿನ 500 ಕಿಲೋವೋಲ್ಟ್ ಪ್ರಸರಣ ಮಾರ್ಗಗಳಲ್ಲಿ ಮೇಲಿಂದ ಮೇಲೆ ಶಾರ್ಟ್ ಸರ್ಕಿಟ್ ಉಂಟಾಯಿತು. ಅಂಥ ಒಂದು ಶಾರ್ಟ್ ಸರ್ಕಿಟನ್ನು ರಕ್ಷಣಾ ವ್ಯವಸ್ಥೆ ಸೆಕೆಂಡಿನ ಅತ್ಯಲ್ಪ ಭಾಗದಲ್ಲೇ ಸರಿಯಾಗಿ ಬೇರ್ಪಡಿಸಿತಾದರೂ ಸುಮಾರು 1,200 ಮೆಗಾವಾಟ್ ಸೌರ ವಿದ್ಯುತ್ ಗ್ರಿಡ್‌ನಿಂದ ತಪ್ಪಿಹೋಯಿತು. ವೋಲ್ಟೇಜಿನ ಅಲೆ ಕ್ಷಣಕಾಲ ವಿರೂಪಗೊಂಡದ್ದನ್ನು, ಫಲಕಗಳ ಡಿಸಿ (ಏಕಮುಖ) ವಿದ್ಯುತ್ತನ್ನು ಗ್ರಿಡ್‌ಗೆ ಬೇಕಾದ ಎಸಿ ವಿದ್ಯುತ್ತಾಗಿ ಬದಲಿಸುವ ಹಲವು ಇನ್ವರ್ಟರ್‌ಗಳು ಆವರ್ತನದ (ಅಲೆ ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆ ಎಂಬುದರ) ಕುಸಿತವೆಂದು ಲೆಕ್ಕಹಾಕಿ ಟ್ರಿಪ್ ಆಗಿದ್ದವು, ಅಂದರೆ ತಾವಾಗಿಯೇ ಕಳಚಿಕೊಂಡಿದ್ದವು. ಗ್ರಿಡ್‌ನ ನಿಜವಾದ ಆವರ್ತನ ಮಾತ್ರ 60 ಹರ್ಟ್ಜ್‌ನ ಆಸುಪಾಸಿನಲ್ಲೇ ಇತ್ತು. ಇನ್ನು ಕೆಲವು, ವೋಲ್ಟೇಜ್ ನಿಗದಿತ ಮಟ್ಟದ ಶೇ 90ಕ್ಕಿಂತ ಕೆಳಗಿಳಿದೊಡನೆ ಕರೆಂಟ್ ಕೊಡುವುದನ್ನೇ ನಿಲ್ಲಿಸಿದ್ದವು.

ಉಷ್ಣ ಅಥವಾ ಜಲ ವಿದ್ಯುತ್ ಸ್ಥಾವರದ ಜನರೇಟರ್ ಇಂಥ ಹೊತ್ತಿನಲ್ಲಿ ತನ್ನ ಸಾಮರ್ಥ್ಯದ ಹಲವು ಪಟ್ಟು ಕರೆಂಟನ್ನು ತಾನಾಗಿಯೇ ಹರಿಸುತ್ತದೆ. ಇನ್ವರ್ಟರ್‌ನಲ್ಲಿರುವ ಅರೆವಾಹಕ ಸ್ವಿಚ್‌ಗಳಿಗಾದರೋ ನಿಗದಿತ ಕರೆಂಟಿಗಿಂತ ಶೇ 10–20ರಷ್ಟು ಹೆಚ್ಚಾದರೂ ತಾಳಿಕೊಳ್ಳುವುದು ಕಷ್ಟ. ಗ್ರಿಡ್ ವೋಲ್ಟೇಜ್ ಅರ್ಧಕ್ಕಿಳಿದರೆ ಇನ್ವರ್ಟರ್ ಹೊರಗೆ ಕಳಿಸಬಲ್ಲ ವಿದ್ಯುತ್ತೂ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬಿಸಿಲು ಮಾತ್ರ ತಗ್ಗಿರುವುದಿಲ್ಲವಾದ್ದರಿಂದ, ಮಿಗುವ ಶಕ್ತಿ ಡಿಸಿ ಬದಿಯ ಕೆಪಾಸಿಟರ್‌ನಲ್ಲಿ ಶೇಖರವಾಗಿ ಅದರ ವೋಲ್ಟೇಜ್ ಏರತೊಡಗುತ್ತದೆ. ಸೌರ ಫಲಕದ ಒಂದು ಗುಣ ಇಲ್ಲಿ ನೆರವಿಗೆ ಬರುತ್ತದೆ: ಫಲಕಗಳು ನೇರವಾಗಿ ಇನ್ವರ್ಟರ್‌ಗೆ ಜೋಡಣೆಯಾಗಿದ್ದಲ್ಲಿ, ವೋಲ್ಟೇಜ್ ಏರುತ್ತ ಹೋದಂತೆ ಅವು ಕೊಡುವ ಕರೆಂಟ್ ತಾನಾಗಿಯೇ ಕುಗ್ಗುತ್ತದೆ. ಹಾಗಾಗಿ ಗರಿಷ್ಠ ವಿದ್ಯುತ್ ಸೆಳೆಯುವ ಎಂದಿನ ಗುರಿಯನ್ನು ನಿಯಂತ್ರಕವು ತಾತ್ಕಾಲಿಕವಾಗಿ ಕೈಬಿಟ್ಟರೆ ಸಾಕು, ಯಂತ್ರ ಸುರಕ್ಷಿತವಾಗಿ ಉಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ನಿಜವಾದ ಜಾಣ್ಮೆ ಬೇಕಾಗುವುದು, ಇರುವ ಅಲ್ಪ ಕರೆಂಟನ್ನು ಹಂಚುವಲ್ಲಿ. ವೋಲ್ಟೇಜನ್ನು ಎತ್ತಿಹಿಡಿಯಲು ನೆರವಾಗುವುದು ಮುಖ್ಯವಾಗಿ ರಿಯಾಕ್ಟಿವ್ ಕರೆಂಟ್, ಅಂದರೆ ನಿವ್ವಳ ಶಕ್ತಿಯನ್ನು ಸಾಗಿಸದೆ ವೋಲ್ಟೇಜಿನ ಅಲೆಗಿಂತ ಕಾಲು ಸುತ್ತು ಹಿಂದೆ ಅಥವಾ ಮುಂದೆ ಹರಿಯುವ ಕರೆಂಟ್. ಅದು ಶಕ್ತಿಯನ್ನು ಸಾಗಿಸುವ ಸಕ್ರಿಯ ಕರೆಂಟಿಗೆ ಲಂಬವಾಗಿರುವುದರಿಂದ ಪೈಥಾಗೊರಸ್ ಪ್ರಮೇಯವೇ ಇಲ್ಲಿಯ ಲೆಕ್ಕ: ಒಟ್ಟು ಮಿತಿ 100 ಎಂದಿಟ್ಟುಕೊಂಡು 80ನ್ನು ರಿಯಾಕ್ಟಿವ್ ಕರೆಂಟಿಗೆ ಮೀಸಲಿಟ್ಟರೂ ಸಕ್ರಿಯ ಕರೆಂಟಿಗೆ 60 ಉಳಿಯುತ್ತದೆ. ಇದಕ್ಕೆ ಗ್ರಿಡ್‌ನ ಅಲೆ ಈಗ ಯಾವ ಹಂತದಲ್ಲಿದೆ ಎಂಬುದು ನಿಖರವಾಗಿ ತಿಳಿದಿರಬೇಕು. ಮೂರು ಫೇಸ್‌ಗಳಲ್ಲಿ ಒಂದು ಮಾತ್ರ ನೆಲಕ್ಕೆ ಶಾರ್ಟ್ ಆದಾಗ 50 ಹರ್ಟ್ಜ್ ಗ್ರಿಡ್‌ನ ಅಳತೆಯಲ್ಲಿ 100 ಹರ್ಟ್ಜ್‌ನ ಏರಿಳಿತ ಬೆರೆಯುತ್ತದೆ. ಅದನ್ನು ಬೇರ್ಪಡಿಸದ ನಿಯಂತ್ರಕ ದಾರಿ ತಪ್ಪುತ್ತದೆ.

ಭಾರತದ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ವೋಲ್ಟೇಜ್ ಶೇ 15ಕ್ಕೆ ಕುಸಿದರೂ ದೊಡ್ಡ ಸೌರ ಸ್ಥಾವರ 0.3 ಸೆಕೆಂಡ್ ಗ್ರಿಡ್‌ಗೆ ಅಂಟಿಕೊಂಡಿರಬೇಕು, ರಿಯಾಕ್ಟಿವ್ ಪವರ್‌ಗೆ ಮೊದಲ ಆದ್ಯತೆ ಕೊಡಬೇಕು, ವೋಲ್ಟೇಜ್ ಮರಳಿದ ಒಂದು ಸೆಕೆಂಡಿನೊಳಗೆ ಹಿಂದಿನ ಉತ್ಪಾದನೆಯ ಶೇ 90ನ್ನಾದರೂ ಮುಟ್ಟಬೇಕು. ವೋಲ್ಟೇಜ್ ಮಿತಿಮೀರಿ ಏರಿದಾಗ ಎಷ್ಟು ಹೊತ್ತು ತಾಳಬೇಕೆಂಬುದನ್ನೂ ಅವು ಹೇಳುತ್ತವೆ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ಗಳನ್ನು ಕತ್ತಲಿಗೆ ತಳ್ಳಿದ ಸರಣಿ ಟ್ರಿಪ್‌ಗಳ ಹಿಂದೆ ಇದ್ದುದು ಇಂಥ ಅಧಿಕ ವೋಲ್ಟೇಜೇ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ಒಂದೇ ಕಡೆ ಸೇರಿದೆ. ಅಷ್ಟು ದೊಡ್ಡ ಸಮೂಹದ ಇನ್ವರ್ಟರ್‌ಗಳು ಒಂದೇ ಬಗೆಯ ತಪ್ಪು ಲೆಕ್ಕ ಮಾಡಿದರೆ ಇಡೀ ದಕ್ಷಿಣದ ಗ್ರಿಡ್ ಅದರ ಹೊಡೆತ ತಾಳಬೇಕಾಗುತ್ತದೆ. ಆದ್ದರಿಂದ ಕಾಗದದ ಪ್ರಮಾಣಪತ್ರವಷ್ಟೇ ಸಾಲದು. ಸ್ಥಳದಲ್ಲಿರುವ ಪ್ರತಿ ಇನ್ವರ್ಟರ್‌ನ ಸೆಟ್ಟಿಂಗ್, ಅಧ್ಯಯನಕ್ಕಾಗಿ ಸಲ್ಲಿಸಿದ ಮಾದರಿಯೊಂದಿಗೆ ಹೊಂದುತ್ತದೆಯೇ ಎಂಬುದನ್ನು ನಿಯತವಾಗಿ, ಅದರಲ್ಲೂ ತಂತ್ರಾಂಶ ಬದಲಾದಾಗಲೆಲ್ಲ, ಪರೀಕ್ಷಿಸಬೇಕು.