ಒಲೆಗೆ ಬಿದ್ದ ಉಪ್ಪು, ತಟ್ಟೆಯಲ್ಲಿ ಉಳಿದ ಪಲ್ಯ

ಮಗು ಸರಿಯಾಗಿ ಉಣ್ಣುತ್ತಿಲ್ಲ ಅಂದ್ರೆ ನಮ್ಮ ಮನೆಗಳಲ್ಲಿ ಮೊದಲು ಒಲೆಗೆ ಬೀಳುವುದು ಉಪ್ಪು, ಒಣಮೆಣಸಿನಕಾಯಿ. ದೃಷ್ಟಿ ಆಗಿದೆಯಂತೆ! ಘಾಟು ಬರದಿದ್ದರೆ ದೃಷ್ಟಿ ಜೋರಾಗಿತ್ತು ಅಂತ ಲೆಕ್ಕ. ಬಂದರೆ ಎಲ್ಲರಿಗೂ ಕೆಮ್ಮು. ಎಲೆಕೋಸಿನ ಪಲ್ಯ ಮಾತ್ರ ತಟ್ಟೆಯಲ್ಲೇ ಇರುತ್ತದೆ.

ಪಾಪ, ನಾಲಿಗೆಯನ್ನು ಯಾರೂ ಕೇಳುವುದಿಲ್ಲ.

1931ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಪಿಟಿಸಿ ಎಂಬ ಪುಡಿಯನ್ನು ಬಾಟಲಿಗೆ ತುಂಬುತ್ತಿದ್ದ. ಸ್ವಲ್ಪ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವನು ಕಹಿ ಕಹಿ ಎಂದ. ಫಾಕ್ಸ್‌ಗೆ ಯಾವ ರುಚಿಯೂ ಇಲ್ಲ. ಇಬ್ಬರಿಗೂ ವಾದ ಹತ್ತಿ, ಪುಡಿಯನ್ನು ನಾಲಿಗೆಗೇ ಹಾಕಿಕೊಂಡು ನೋಡಿದರು! ಒಬ್ಬನಿಗೆ ಕಹಿ, ಇನ್ನೊಬ್ಬನಿಗೆ ಸಪ್ಪೆ. ಈ ವ್ಯತ್ಯಾಸದ ಹಿಂದಿನ ಜೀನ್ ಸಿಕ್ಕಿದ್ದು 2003ರಲ್ಲಿ. ಎಲೆಕೋಸು, ನವಿಲುಕೋಸುಗಳಲ್ಲೂ ಪಿಟಿಸಿಯನ್ನು ಹೋಲುವ ವಸ್ತುಗಳಿವೆ. ಅಂದರೆ ಅಪ್ಪನಿಗೆ ಸಪ್ಪೆಯಾದ ಪಲ್ಯ ಮಗಳಿಗೆ ನಿಜವಾಗಿಯೂ ಕಹಿ ಇರಬಹುದು, ಅಲ್ವಾ? ಸುಮ್ನೆ ಹಟಮಾರಿ ಅಂತ ಬೈಯುತ್ತೇವೆ.

ಇನ್ನೊಂದು ಸಂಗತಿ ಹೊಸ ತಿಂಡಿಯ ಭಯ. ಎರಡರಿಂದ ಆರು ವರ್ಷದವರೆಗೆ ಇದು ಜಾಸ್ತಿ. ಆಗಷ್ಟೇ ಓಡಾಡಲು ಕಲಿತ ಮಗು ಕಂಡ ಕಂಡ ಸೊಪ್ಪನ್ನೆಲ್ಲ ಬಾಯಿಗೆ ಹಾಕಿಕೊಂಡರೆ ಏನು ಗತಿ? ಅದಕ್ಕೇ ನಾಲಿಗೆ ಅಪಾರ್ಟ್‌ಮೆಂಟ್ ವಾಚ್‌ಮನ್ ಥರ ಹೊಸಬರನ್ನು ಗೇಟಲ್ಲೇ ನಿಲ್ಲಿಸುತ್ತದೆ. ಅಥವಾ ಬೀದಿನಾಯಿ ಅನ್ನಿ. ಹೊಸ ಪೋಸ್ಟ್‌ಮನ್ ಕಂಡರೆ ಬೊಗಳುತ್ತದೆ. ದಿನಾ ಅದೇ ಮುಖ ಬಂದು ಹೋದರೆ ಬಾಲ ಅಲ್ಲಾಡಿಸುತ್ತದೆ. ಆದರೆ ಪೋಸ್ಟ್‌ಮನ್ ಕೋಲು ಬೀಸಿದರೆ? ಜನ್ಮವಿಡೀ ಬೊಗಳುತ್ತದೆ.

ನಾವು ಬೀಸುವ ಕೋಲು ‘ಮುಗಿಸಿಯೇ ಏಳಬೇಕು’ ಎಂಬ ಮಾತು. 2006ರ ಒಂದು ಅಧ್ಯಯನದಲ್ಲಿ ‘ಸೂಪ್ ಮುಗಿಸು’ ಎಂದು ಒತ್ತಾಯಿಸಿದಾಗ ಮಕ್ಕಳು, ಒತ್ತಾಯಿಸದೆ ಬಿಟ್ಟಾಗ ಕುಡಿದದ್ದಕ್ಕಿಂತ ಕಡಿಮೆ ಕುಡಿದರು. ಬರೀ ತೋರಿಸಿದರೂ ಸಾಲದು, ನಾಲಿಗೆಗೆ ತಾಗಬೇಕು. 1987ರಲ್ಲೇ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ ಮತ್ತು ಜೊತೆಗಾರರು ಇದನ್ನು ತೋರಿಸಿದ್ದರು. ಒಂದು ಚೂರು ಸಾಕು, ಉಗಿದರೂ ಪರವಾಗಿಲ್ಲ. ನಾಲಿಗೆಗೆ ಒಗ್ಗಲು ಹೀಗೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಬೇಕಾಗಬಹುದು. ನಾವು ಮೂರನೇ ಸಲಕ್ಕೇ ಕೈಚೆಲ್ಲುತ್ತೇವೆ.

ಅಂದಹಾಗೆ, ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಒಲೆಗೆ ಸುರಿದದ್ದರಲ್ಲಿ ಒಂದು ಚಿಟಿಕೆ ಪಲ್ಯಕ್ಕೆ ಹಾಕಿದ್ದರೆ ಕೆಲಸಕ್ಕೆ ಬರುತ್ತಿತ್ತು.

ನಮ್ಮನೆಯಲ್ಲಿ ನವಿಲುಕೋಸು ಹನ್ನೊಂದನೇ ಸಲ ತಟ್ಟೆಗೆ ಬಂದಾಗ ಮಗಳು ಎರಡು ಹೋಳು ತಿಂದಳು. ಹಾಗಲಕಾಯಿಗೆ ಇನ್ನೂ ಬೊಗಳುತ್ತಾಳೆ. ಅದನ್ನು ನಾನೂ ತಿನ್ನುವುದಿಲ್ಲ ಬಿಡಿ.