ನಗೆಬರಹದಲ್ಲಿ ಪಕ್ಕದ ಮನೆ ಕಿಟಕಿ ಯಾಕೆ ಸದಾ ತೆರೆದೇ ಇರುತ್ತದೆ?

ಪ್ರಶ್ನೆ: ದಿನನಿತ್ಯದ ಬದುಕಿನ ನಗೆಬರಹ ಯಾವುದೇ ಓದಿದರೂ ಪಕ್ಕದ ಮನೆಯವರು, ಕಿಟಕಿ, ‘ನಾಲ್ಕು ಜನ ಏನಂತಾರೆ’ ಇದ್ದೇ ಇರುತ್ತದೆ. ಇದು ಸುಮ್ನೆ ತಮಾಷೆಯಾ, ಒಳಗೆ ಬೇರೆ ಏನಾದರೂ ಇದೆಯಾ?

ಇದೆ. ಬಟ್ಟೆ ಒಣಗಿಸುವ ಹಗ್ಗದಿಂದಲೇ ಶುರು ಮಾಡುತ್ತೇನೆ. ನಮ್ಮಮ್ಮ ಒಗೆದ ಬಟ್ಟೆ ಹರವುವಾಗ ಸೀರೆ, ಪಂಚೆ, ಶರ್ಟು ಮುಂದಿನ ಹಗ್ಗಕ್ಕೆ. ತಮ್ಮ ಒಳಉಡುಪು ಹಿಂದಿನ ಹಗ್ಗಕ್ಕೆ, ಅದೂ ಟವೆಲಿನ ಅಡಿಗೆ. ಬಿಸಿಲು ತಾಗದೆ ಸಂಜೆಯಾದರೂ ಹಸಿಹಸಿ. ಅಪ್ಪನ ಬನಿಯನ್ನು, ಚಡ್ಡಿ ಮಾತ್ರ ರಸ್ತೆಗೆ ಕಾಣುವಂತೆಯೇ ಹಾರಾಡುತ್ತಿದ್ದವು. ಹೀಗೆ ಹಾಕು ಅಂತ ಅಮ್ಮ ನನಗೆ ಒಂದು ದಿನವೂ ಹೇಳಲಿಲ್ಲ. ಆದರೂ ಮೊನ್ನೆ, ಸುತ್ತ ಒಂದೇ ಒಂದು ಮನೆಯೂ ಇಲ್ಲದ ತೋಟದಲ್ಲಿ ಉಳಿದಿದ್ದಾಗ, ಬಟ್ಟೆ ಹರವಲು ಹೋದ ನನ್ನ ಕೈ ತಾನಾಗಿಯೇ ಟವೆಲ್ ಹುಡುಕಿತು.

ಒಳ್ಳೆಯ ನಗೆಬರಹ ಹಿಡಿಯುವುದು ಇದನ್ನೇ. ನೋಡುವವರು ಇಲ್ಲ, ನೋಟ ಮಾತ್ರ ನಮ್ಮೊಳಗೆ ಕೂತುಬಿಟ್ಟಿದೆ.

18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಒಂದು ಜೈಲಿನ ನಕ್ಷೆ ಮುಂದಿಟ್ಟರು. ನಡುವೆ ಗೋಪುರ, ಸುತ್ತ ಕೋಣೆಗಳು. ಗೋಪುರದಲ್ಲಿ ಕಾವಲಿನವನು ಇದ್ದಾನೋ ಇಲ್ಲವೋ ಕೈದಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಸದಾ ಇದ್ದಾನೆ ಅಂದುಕೊಂಡೇ ಅವನು ನಡೆದುಕೊಳ್ಳಬೇಕು. ಶಾಲೆ, ಆಸ್ಪತ್ರೆ, ಕಾರ್ಖಾನೆಗಳೂ ಹೀಗೇ ಅಂತ 1975ರಲ್ಲಿ ಫ್ರಾನ್ಸಿನ ಚಿಂತಕ ಮಿಶೆಲ್ ಫೂಕೋ ಬರೆದರು. ನಮ್ಮ ಬೆಂಗಳೂರು, ಮೈಸೂರಿನ ವಠಾರಗಳಿಗೆ ಗೋಪುರವೇ ಬೇಕಿರಲಿಲ್ಲ. ಎದುರುಬದುರು ಸಾಲುಮನೆ, ನಡುವೆ ಅಂಗಳ, ಎಲ್ಲರಿಗೂ ಒಂದೇ ನಲ್ಲಿ. ರಾತ್ರಿ ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ಬಾಗಿಲಲ್ಲಿ ಇನ್ನೂ ರಂಗೋಲಿ ಬಿದ್ದಿಲ್ಲ, ಎಲ್ಲಾ ಒಂದು ಬಿಂದಿಗೆ ತುಂಬುವಷ್ಟರಲ್ಲಿ ಗೊತ್ತಾಗುತ್ತಿತ್ತು. ಆದರೆ ರಂಗೋಲಿ ಯಾಕಿಲ್ಲ ಅಂತ ವಿಚಾರಿಸಲು ಬಂದವರೇ, ಜ್ವರ ಅಂದರೆ ಗಂಜಿ ಕಾಯಿಸಿ ತರುತ್ತಿದ್ದರು. ವಠಾರದ ನಗೆಯಲ್ಲಿ ಸಲಿಗೆ ಜಾಸ್ತಿ ಇರುವುದು ಅದಕ್ಕೇ.

ನಗೆಯೇ ಕಾವಲು ಕಾಯುವುದೂ ಉಂಟು. ನನ್ನನ್ನು ಕಾಡುವುದು ಇದೇ. ಹೆಂಡತಿಗೆ ಮಾತು ಜಾಸ್ತಿ, ಸೊಸೆಗೆ ಅಡುಗೆ ಬರಲ್ಲ, ದಪ್ಪ ಹುಡುಗಿಗೆ ಗಂಡು ಸಿಗಲ್ಲ ಅನ್ನುವ ಜೋಕಿಗೆ ಎಲ್ಲರ ಜೊತೆ ನಕ್ಕ ಹುಡುಗಿ, ಊಟಕ್ಕೆ ಕೂತಾಗ ಎರಡನೇ ಹೋಳಿಗೆ ಬೇಡ ಅನ್ನುತ್ತಾಳೆ. ಅಷ್ಟರಮಟ್ಟಿಗೆ ಆ ಜೋಕು ಕೆಲಸ ಮಾಡಿರುತ್ತದೆ, ಅಲ್ವಾ? ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆದದ್ದು ನನಗೆ ದೊಡ್ಡ ಸಂಗತಿ ಅನ್ನಿಸುವುದು ಇದರಿಂದಲೇ. ಜೋಕಿಗೆ ವಸ್ತುವಾಗಿದ್ದ ಗೃಹಿಣಿ ತಾನೇ ನಗಿಸುವವಳಾದಳು. ನೋಟದ ದಿಕ್ಕೇ ಬದಲಾಯಿತು.

ಈಗ ಅಪಾರ್ಟ್‌ಮೆಂಟು, ಲಿಫ್ಟಿನಲ್ಲಿ ಕ್ಯಾಮೆರಾ, ಗೇಟಿಗೊಂದು ಆ್ಯಪ್. ಮನೆಕೆಲಸದವರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟು ಗಂಟೆಗೆ ಹೋದರು, ಎಲ್ಲಾ ಫೋನಿಗೆ ಬರುತ್ತದೆ. ಹೋಗುವಾಗ ಅವರ ಚೀಲ ತೆಗೆಸಿ ನೋಡುತ್ತಾರೆ. ನನ್ನ ಚೀಲವನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ. ನಮ್ಮ ಮನೆಗೆ ಬರುವ ಅಕ್ಕ, ಗೇಟು ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಚೀಲದ ಜಿಪ್ ಎಳೆದು ಬಾಯಿ ತೆರೆದು ಹಿಡಿದುಕೊಂಡೇ ನಡೆಯುತ್ತಾರೆ. ಈ ಗೇಟಿನ ನಗೆಬರಹ ಅವರ ಕಡೆಯಿಂದ ಬರಬೇಕು. ಅದನ್ನು ಓದಲು ನಾನು ಕಾಯುತ್ತಿದ್ದೇನೆ.